ಮನಸ್ಸಿನ ಪೆಟ್ಟು ಮೈಗೂ ಬೀಳುತ್ತದೆ: ಆಸರೆಯ ಮನೆಯಲ್ಲಿ ಬೆಳೆಯುವ ಮಕ್ಕಳ ಆರೋಗ್ಯ



ನಮ್ಮ ಟ್ರಸ್ಟಿಗೆ ಬರುವ ವಿದ್ಯಾರ್ಥಿವೇತನದ ಅರ್ಜಿಗಳಲ್ಲಿ ಎರಡು ಕಾಲಂಗಳಿವೆ. ಒಂದು ತಂದೆಯ ಹೆಸರು, ಇನ್ನೊಂದು ಈಗ ಮಗುವನ್ನು ನೋಡಿಕೊಳ್ಳುತ್ತಿರುವವರ ಹೆಸರು. ಹೆಚ್ಚಿನ ಅರ್ಜಿಗಳಲ್ಲಿ ಎರಡೂ ಕಡೆ ಒಂದೇ ಹೆಸರು ಇರುತ್ತದೆ. ಕೆಲವು ಅರ್ಜಿಗಳಲ್ಲಿ ಮಾತ್ರ ಮೊದಲನೆಯ ಹೆಸರಿನ ಹಿಂದೆ ಮರ್ಹೂಮ್ ಎಂದು ಬರೆದಿರುತ್ತದೆ, ಎರಡನೆಯದರಲ್ಲಿ ನಾನಿ, ದಾದಾ, ಚಾಚಾ, ಮಾಮು, ಖಾಲಾ ಇವರಲ್ಲಿ ಯಾರದೋ ಹೆಸರು ಇರುತ್ತದೆ. ಈ ಲೇಖನ ಅಂಥ ಮಕ್ಕಳ ಬಗ್ಗೆ. ಅವರ ಓದಿನ ಬಗ್ಗೆ ನಾವು ಪ್ರತಿ ವರ್ಷ ಮಾತನಾಡುತ್ತೇವೆ. ಅವರ ಮೈಯ ಆರೋಗ್ಯದ ಬಗ್ಗೆ ಮಾತನಾಡುವುದು ಕಡಿಮೆ. ಓದು ಹಿಂದೆ ಬೀಳಲು ಅನೇಕ ಸಲ ಕಾರಣ ಮೈಯಲ್ಲೇ ಇರುತ್ತದೆ ಎಂಬುದನ್ನು ತಿಳಿಸುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಭಾಗದ ಆಸರೆಯ ಮನೆಗಳು

ಅಮೆರಿಕ, ಇಂಗ್ಲೆಂಡ್ ಮುಂತಾದ ದೇಶಗಳಲ್ಲಿ ತಂದೆ ತಾಯಿ ಇಲ್ಲದ, ಅಥವಾ ಇದ್ದೂ ನೋಡಿಕೊಳ್ಳಲಾಗದ ಮಕ್ಕಳನ್ನು ಸರ್ಕಾರವೇ ಆಯ್ದ ಕುಟುಂಬಗಳಲ್ಲಿ ಇಡುತ್ತದೆ. ಅದನ್ನು ಫಾಸ್ಟರ್ ಕೇರ್ ಎನ್ನುತ್ತಾರೆ. ನಮ್ಮ ದೇಶದಲ್ಲೂ 2015ರ ಬಾಲ ನ್ಯಾಯ ಕಾಯ್ದೆಯಲ್ಲಿ ಇದಕ್ಕೆ ಅವಕಾಶವಿದೆ. ಆದರೆ ಮಸ್ಕಿ, ಸಿಂಧನೂರು, ಲಿಂಗಸುಗೂರು ಭಾಗದಲ್ಲಿ ಇಂಥ ಮಕ್ಕಳು ಬೆಳೆಯುವುದು ಬಹುತೇಕ ಯಾವ ಸರ್ಕಾರಿ ಆದೇಶವೂ ಇಲ್ಲದೆ, ಸಂಬಂಧಿಕರ ಮನೆಯಲ್ಲಿ. ದಫನ್ ಮುಗಿದ ಸಂಜೆ ಯಾರೋ ಒಬ್ಬರು ಈ ಹುಡುಗ ನಮ್ಮ ಮನೆಯಲ್ಲಿ ಇರಲಿ ಎನ್ನುತ್ತಾರೆ, ಅಷ್ಟಕ್ಕೆ ತೀರ್ಮಾನವಾಗುತ್ತದೆ. ಕಾಗದ ಇಲ್ಲ, ಪತ್ರ ಇಲ್ಲ.

ತಂದೆ ತಾಯಿ ಬದುಕಿದ್ದೂ ಹೀಗೆ ಬೆಳೆಯುವ ಮಕ್ಕಳಿದ್ದಾರೆ. ಮಳೆ ಕೈಕೊಟ್ಟ ವರ್ಷ, ಕಾಲುವೆ ನೀರು ಮುಟ್ಟದ ಹಳ್ಳಿಗಳಿಂದ ಜನ ಬೆಂಗಳೂರು ಮತ್ತಿತರ ಕಡೆ ಗುಳೆ ಹೋಗುತ್ತಾರೆ. ಶಾಲೆ ತಪ್ಪಬಾರದೆಂದು ಮಗುವನ್ನು ಅಜ್ಜಿಯ ಬಳಿ ಬಿಟ್ಟು ಹೋಗುತ್ತಾರೆ. ಕೆಲವರು ಹಬ್ಬಕ್ಕೆ ಬರುತ್ತಾರೆ, ಕೆಲವರು ಎರಡು ಹಬ್ಬ ಕಳೆದರೂ ಬರುವುದಿಲ್ಲ. ತಲಾಖ್ ಆಗಿ ತಾಯಿ ತವರಿಗೆ ಹೋಗಿ, ಅಲ್ಲಿಂದ ಎರಡನೇ ನಿಕಾಹ್ ಆದಾಗ ಮಗು ನಾನಿಯ ಪಾಲಿಗೆ ಉಳಿಯುವುದೂ ಉಂಟು.

ನಮ್ಮ ದೀನ್‌ನಲ್ಲಿ ಇದಕ್ಕೆ ಕಫಾಲತ್ ಎಂಬ ಗೌರವದ ಹೆಸರಿದೆ. ಮಗುವಿನ ಹೆಸರಿನ ಜೊತೆ ಅದನ್ನು ಹುಟ್ಟಿಸಿದ ತಂದೆಯ ಹೆಸರೇ ಉಳಿಯಬೇಕು, ಸಾಕುವ ಹೊಣೆ ಮಾತ್ರ ಸಾಕಿದವರದು. ಪ್ರವಾದಿ ಮುಹಮ್ಮದ್ (ಸ) ಅವರೇ ಹೀಗೆ ಬೆಳೆದವರು. ತಂದೆ ಅಬ್ದುಲ್ಲಾ ಮಗು ಹುಟ್ಟುವ ಮೊದಲೇ ತೀರಿಕೊಂಡರು. ಹಾಲೂಡಿಸಿದವರು ಹಲೀಮಾ. ಸುಮಾರು ಆರನೇ ವಯಸ್ಸಿಗೆ ತಾಯಿ ಆಮಿನಾ, ಎಂಟನೇ ವಯಸ್ಸಿಗೆ ಅಜ್ಜ ಅಬ್ದುಲ್ ಮುತ್ತಲಿಬ್ ಹೋದರು. ಆಮೇಲೆ ತಂದೆಯ ಸಹೋದರ ಅಬೂ ತಾಲಿಬ್ ಹಾಗೂ ಅವರ ಪತ್ನಿ ಫಾತಿಮಾ ಬಿಂತ್ ಅಸದ್ ಸ್ವಂತ ಮಗನಂತೆ ಸಾಕಿದರು. ಎಂಟು ವರ್ಷ ತುಂಬುವುದರೊಳಗೆ ಒಂದು ಮಗು ಎಷ್ಟು ಮನೆ, ಎಷ್ಟು ಮಡಿಲು ಬದಲಿಸಿತು ಎಂದು ಲೆಕ್ಕ ಹಾಕಿ ನೋಡಿ. ಪವಿತ್ರ ಕುರ್‌ಆನ್‌ನ ಅನ್ನಿಸಾ, ಅದ್ದುಹಾ, ಅಲ್‌ಮಾಊನ್ ಅಧ್ಯಾಯಗಳಲ್ಲಿ ಅನಾಥರ ಆಸ್ತಿ ಮತ್ತು ಅವರೊಂದಿಗೆ ನಡೆದುಕೊಳ್ಳುವ ರೀತಿಯ ಬಗ್ಗೆ ಅಷ್ಟು ಕಟ್ಟುನಿಟ್ಟಾದ ಮಾತು ಬಂದಿರುವುದು ಸುಮ್ಮನೆ ಅಲ್ಲ.

ಭಯ ಮೈಗೆ ಇಳಿಯುವುದು ಹೇಗೆ

ತಂದೆ ಅಥವಾ ತಾಯಿ ಸತ್ತರೆ ಮಗುವಿಗೆ ದುಃಖವಾಗುತ್ತದೆ, ಇದು ಎಲ್ಲರಿಗೂ ಗೊತ್ತು. ಆ ದುಃಖ ಮತ್ತು ಅದರ ಹಿಂದೆ ಬರುವ ಭಯ ಮಗುವಿನ ಎತ್ತರ, ತೂಕ, ಹೊಟ್ಟೆ, ನಿದ್ರೆ, ರಕ್ತ ಇವನ್ನೆಲ್ಲ ಮುಟ್ಟುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಇಲ್ಲಿ ಆಘಾತ ಎಂದರೆ ಸಾವು ಒಂದೇ ಅಲ್ಲ. ಕಣ್ಣೆದುರಿಗೆ ತಾಯಿಗೆ ಬೀಳುವ ಹೊಡೆತ, ಮನೆಯಲ್ಲಿ ಕುಡಿತ, ಮಗುವಿನ ಮೇಲೆ ಕೈ ಮಾಡುವುದು, ಮೈಮೇಲೆ ಕೆಟ್ಟ ರೀತಿಯಲ್ಲಿ ಕೈಹಾಕುವುದು, ಹೊತ್ತಿಗೆ ಊಟ ಸಿಗದಿರುವುದು, ಒಂದು ಮನೆಯಿಂದ ಇನ್ನೊಂದು ಮನೆಗೆ ಮತ್ತೆ ಮತ್ತೆ ಸಾಗಿಸುವುದು ಎಲ್ಲವೂ ಸೇರುತ್ತವೆ.

ನಾಯಿ ಅಟ್ಟಿಸಿಕೊಂಡು ಬಂದಾಗ ಏನಾಗುತ್ತದೆ? ಎದೆ ಡವಡವ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಕಾಲಿಗೆ ಎಲ್ಲಿಲ್ಲದ ಬಲ ಬರುತ್ತದೆ. ಮೂತ್ರಪಿಂಡಗಳ ಮೇಲೆ ಇರುವ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳು ರಕ್ತಕ್ಕೆ ಸೇರುವುದರಿಂದ ಹೀಗಾಗುತ್ತದೆ. ಇದು ಅಲ್ಲಾಹನು ಕೊಟ್ಟ ರಕ್ಷಣೆ. ನಾಯಿ ಹೋಯಿತು, ಹತ್ತು ನಿಮಿಷ ಕಳೆಯಿತು, ಮೈ ಮೊದಲಿನಂತಾಯಿತು. ಆದರೆ ಆ ಭಯ ಮನೆಯೊಳಗೇ ಇದ್ದರೆ, ಪ್ರತಿ ಸಂಜೆ ಬರುವುದಾದರೆ, ಮೈ ಮೊದಲಿನ ಸ್ಥಿತಿಗೆ ಮರಳುವುದೇ ಇಲ್ಲ.

ನಮ್ಮ ರೈತರಿಗೆ ಅರ್ಥವಾಗುವಂತೆ ಹೇಳುವುದಾದರೆ, ಇದು ತುಂಗಭದ್ರಾ ಎಡದಂಡೆ ಕಾಲುವೆಯ ಲೆಕ್ಕ. ಕಾಲುವೆಯಲ್ಲಿ ನೀರು ಇರುವುದು ಇಷ್ಟೇ. ಮೇಲ್ಭಾಗದಲ್ಲಿ ಗೇಟು ಎತ್ತಿ ಎಲ್ಲ ನೀರನ್ನೂ ಒಂದೇ ಕಡೆಗೆ ಬಿಟ್ಟರೆ ಕೊನೆಭಾಗದ ಹೊಲ ಒಣಗುತ್ತದೆ. ಭಯದಲ್ಲಿರುವ ಮಗುವಿನ ಮೈ ತನ್ನ ಶಕ್ತಿಯನ್ನೆಲ್ಲ ಓಡುವುದಕ್ಕೆ, ಎಚ್ಚರವಾಗಿರುವುದಕ್ಕೆ ಬಿಡುತ್ತದೆ. ಬೆಳೆಯುವುದು, ಅರಗಿಸುವುದು, ರೋಗದ ವಿರುದ್ಧ ಹೋರಾಡುವುದು, ಪಾಠವನ್ನು ನೆನಪಿಡುವುದು ಇವೆಲ್ಲ ಕೊನೆಭಾಗದ ಹೊಲಗಳು. ಅವುಗಳ ಪಾಳಿ ಬರುವುದೇ ಇಲ್ಲ. ಮಕ್ಕಳ ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಬಿಡುಗಡೆಯಾಗುವುದು ರಾತ್ರಿಯ ಗಾಢ ನಿದ್ರೆಯಲ್ಲಿ. ಬೆಚ್ಚಿ ಬೆಚ್ಚಿ ಏಳುವ ಮಗುವಿಗೆ ಆ ನಿದ್ರೆಯೂ ಇಲ್ಲ.

ಅನ್ನ ಒಂದೇ ಸಾಲದು

ಹೊಟ್ಟೆ ತುಂಬ ಊಟ ಹಾಕುತ್ತೇವೆ, ಇನ್ನೇನು ಬೇಕು ಎಂದು ಅನೇಕರು ಕೇಳುತ್ತಾರೆ. ಇದಕ್ಕೆ ಉತ್ತರ ಸುಮಾರು ಎಪ್ಪತ್ತೈದು ವರ್ಷಗಳ ಹಿಂದೆಯೇ ಸಿಕ್ಕಿದೆ. ಎರಡನೇ ಮಹಾಯುದ್ಧದ ನಂತರ, 1948ರಲ್ಲಿ, ಎಲ್ಸಿ ವಿಡೋಸನ್ ಎಂಬ ಬ್ರಿಟಿಷ್ ಆಹಾರ ವಿಜ್ಞಾನಿ ಜರ್ಮನಿಯ ಎರಡು ಅನಾಥಾಲಯಗಳ ಮಕ್ಕಳ ತೂಕ ಮತ್ತು ಎತ್ತರವನ್ನು ಅಳೆಯುತ್ತಿದ್ದರು. ಎರಡೂ ಕಡೆ ಒಂದೇ ಪಡಿತರ. ಆರು ತಿಂಗಳ ನಂತರ ಒಂದು ಕಡೆಯ ಮಕ್ಕಳಿಗೆ ಹೆಚ್ಚುವರಿ ಬ್ರೆಡ್, ಜಾಮ್, ಕಿತ್ತಳೆ ರಸ ಕೊಡಲು ಶುರು ಮಾಡಿದರು. ಆ ಮಕ್ಕಳು ಹೆಚ್ಚು ಬೆಳೆಯುತ್ತಾರೆ ಎಂಬುದು ನಿರೀಕ್ಷೆ. ಆದದ್ದು ತಿರುವುಮುರುವು. ಹೆಚ್ಚು ತಿಂದವರು ಕಡಿಮೆ ಬೆಳೆದರು, ಮಾಮೂಲಿ ಊಟದವರು ಹೆಚ್ಚು ಬೆಳೆದರು.

ಕಾರಣ ಹುಡುಕಿದಾಗ ಗೊತ್ತಾದದ್ದು ಇಷ್ಟು. ಊಟ ಹೆಚ್ಚಿಸಿದ ಸಮಯಕ್ಕೇ ಮೊದಲಿನ ಅನಾಥಾಲಯದಲ್ಲಿದ್ದ ಒಬ್ಬ ಮೇಲ್ವಿಚಾರಕಿ ಈ ಎರಡನೆಯ ಅನಾಥಾಲಯಕ್ಕೆ ವರ್ಗವಾಗಿ ಬಂದಿದ್ದಳು. ಬಹಳ ಕಠಿಣ ಹೆಂಗಸು. ಊಟದ ಹೊತ್ತಿಗೇ ಮಕ್ಕಳನ್ನು ಎಲ್ಲರೆದುರು ನಿಲ್ಲಿಸಿ ಬೈಯುವುದು ಅವಳ ರೂಢಿ. ಅವಳು ಇದ್ದ ಕಡೆ ಮಕ್ಕಳು ಸೊರಗಿದರು, ಅವಳು ಬಿಟ್ಟು ಬಂದ ಕಡೆ ಚಿಗುರಿದರು. ಅವಳಿಗೆ ಅಚ್ಚುಮೆಚ್ಚಿನ ಎಂಟು ಮಕ್ಕಳಿದ್ದರು, ಅವರನ್ನು ಜೊತೆಗೇ ಕರೆತಂದಿದ್ದಳು. ಆ ಎಂಟು ಮಕ್ಕಳು ಮಾತ್ರ ಚೆನ್ನಾಗಿ ಬೆಳೆದರು. ಈ ವರದಿ 1951ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ನಮ್ಮ ಮನೆಗಳಿಗೆ ಇದರಲ್ಲಿ ದೊಡ್ಡ ಪಾಠವಿದೆ. ದಸ್ತರ್‌ಖಾನಿನ ಮುಂದೆ ಕುಳಿತ ಮಗುವಿಗೆ ನಿನ್ನ ಅಪ್ಪ ಬಿಟ್ಟು ಹೋದದ್ದೇನು ಎಂದು ಕೇಳಿದರೆ, ಆ ತುತ್ತು ಹೊಟ್ಟೆಗೆ ಹೋದರೂ ಮೈಗೆ ಹತ್ತುವುದಿಲ್ಲ. ಹುಟ್ಟುತ್ತಲೇ ಅಪ್ಪನನ್ನು ತಿಂದವನು, ಅವಳ ಕಾಲ್ಗುಣ ಸರಿಯಿಲ್ಲ ಎಂಬ ಮಾತುಗಳು ನಮ್ಮ ಓಣಿಗಳಲ್ಲಿ ಇನ್ನೂ ಕೇಳಿಬರುತ್ತವೆ. ಅಪಶಕುನವನ್ನು ನಂಬುವುದು ನಮ್ಮ ಧರ್ಮದಲ್ಲಿ ಇಲ್ಲ. ಧರ್ಮದ ಮಾತು ಒಂದು ಕಡೆ ಇರಲಿ, ಆ ಮಾತು ಮಗುವಿನ ತೂಕವನ್ನೇ ಇಳಿಸುತ್ತದೆ.

ದೊಡ್ಡವರಾದ ಮೇಲೂ ಬಿಡದ ನೆರಳು

ಬಾಲ್ಯದ ಪೆಟ್ಟು ಬಾಲ್ಯಕ್ಕೆ ಮುಗಿಯುವುದಿಲ್ಲ. ಅಮೆರಿಕದ ಸ್ಯಾನ್ ಡಿಯಾಗೊ ನಗರದಲ್ಲಿ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ ಎಂಬ ಇಬ್ಬರು ವೈದ್ಯರು 1995ರಿಂದ 1997ರವರೆಗೆ 17,000ಕ್ಕೂ ಹೆಚ್ಚು ವಯಸ್ಕರನ್ನು ಅವರ ಬಾಲ್ಯದ ಬಗ್ಗೆ ಕೇಳಿ, ಉತ್ತರಗಳನ್ನು ಅವರ ಆರೋಗ್ಯದ ದಾಖಲೆಯೊಂದಿಗೆ ಹೋಲಿಸಿದರು. ಹೊಡೆತ, ನಿರ್ಲಕ್ಷ್ಯ, ಮನೆಯಲ್ಲಿ ಕುಡಿತ, ತಂದೆ ತಾಯಿ ಬೇರೆಯಾಗುವುದು ಮುಂತಾದ ಕಷ್ಟಗಳ ಒಂದು ಪಟ್ಟಿ ಅವರದು. 1998ರಲ್ಲಿ ಪ್ರಕಟವಾದ ಮೊದಲ ವರದಿಯ ಪ್ರಕಾರ, ನಾಲ್ಕು ಅಥವಾ ಹೆಚ್ಚು ಕಷ್ಟಗಳನ್ನು ಕಂಡವರಲ್ಲಿ ಹೃದಯದ ಕಾಯಿಲೆ, ಒಂದನ್ನೂ ಕಾಣದವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚಾಗಿತ್ತು. ಶ್ವಾಸಕೋಶದ ಕಾಯಿಲೆ, ಧೂಮಪಾನ, ಕುಡಿತ, ಖಿನ್ನತೆ ಕೂಡ ಹೆಚ್ಚಾಗಿದ್ದವು. ಮೈ ಸದಾ ಎಚ್ಚರದಲ್ಲಿದ್ದರೆ ರಕ್ತನಾಳಗಳು ಸವೆಯುತ್ತವೆ, ಸಕ್ಕರೆಯ ಹತೋಟಿ ತಪ್ಪುತ್ತದೆ. ಮನಸ್ಸಿನ ಉರಿ ಆರಿಸಲು ಬೀಡಿ, ಗುಟ್ಕಾ, ಕುಡಿತಕ್ಕೆ ಕೈ ಹೋಗುವುದೂ ಇದೇ ದಾರಿಯಲ್ಲಿ.

ಆ ಪಟ್ಟಿ ಅಮೆರಿಕದ ಕುಟುಂಬಗಳನ್ನು ನೋಡಿ ಮಾಡಿದ್ದು. ನಮ್ಮಲ್ಲಿಯ ಗುಳೆ, ಸಾಲ, ಬರಗಾಲದ ಹಸಿವು ಅದರಲ್ಲಿ ಇಲ್ಲ. ಆದ್ದರಿಂದ ಆ ಅಂಕಿಗಳನ್ನು ನಮ್ಮ ಮಕ್ಕಳ ಮೇಲೆ ಹಾಗೆಯೇ ಹೇರಬಾರದು. ದಾರಿ ಯಾವುದು ಎಂದು ತಿಳಿಯಲು ಅಷ್ಟು ಸಾಕು.

ಫಾಸ್ಟರ್ ಕೇರ್‌ಗೆ ಬರುವ ಮಕ್ಕಳಲ್ಲಿ ದೀರ್ಘಕಾಲದ ಕಾಯಿಲೆ, ಹಲ್ಲಿನ ಹುಳುಕು, ತಪ್ಪಿಹೋದ ಲಸಿಕೆ, ಕುಂಠಿತ ಬೆಳವಣಿಗೆ ಬೇರೆ ಮಕ್ಕಳಿಗಿಂತ ಬಹಳ ಹೆಚ್ಚು ಎಂದು ಕಂಡುಕೊಂಡ ಅಮೆರಿಕದ ಮಕ್ಕಳ ವೈದ್ಯರ ಸಂಘ ಒಂದು ನಿಯಮ ಹಾಕಿಕೊಂಡಿದೆ. ಮಗು ಹೊಸ ಮನೆಗೆ ಬಂದ 72 ಗಂಟೆಗಳೊಳಗೆ ಮೊದಲ ತಪಾಸಣೆ, 30 ದಿನಗಳೊಳಗೆ ಪೂರ್ಣ ತಪಾಸಣೆ ಆಗಬೇಕು. ನಮ್ಮಲ್ಲಿ ದಫನ್ ಆದ ಮೇಲೆ ಮೂರನೇ ದಿನ, ನಲವತ್ತನೇ ದಿನ ಎಂದು ಲೆಕ್ಕ ಇಡುವ ಮನೆಗಳಿವೆ. ಆ ದಿನಗಳಲ್ಲೇ ಮಗುವನ್ನು ಒಮ್ಮೆ ಆಸ್ಪತ್ರೆಗೂ ಕರೆದೊಯ್ಯುವುದು ರೂಢಿಯಾದರೆ ಎಷ್ಟು ಚೆನ್ನ.

ಇದು ಹಣೆಬರಹವಲ್ಲ

ಇಷ್ಟು ಓದಿದ ಪಾಲಕರು ಎದೆಗುಂದಬಾರದು. ಮೇಲಿನ ಅಂಕಿಗಳು ಸಾವಿರಾರು ಜನರ ಸರಾಸರಿ. ಒಂದು ಮಗುವಿನ ಭವಿಷ್ಯವನ್ನು ಅವು ಹೇಳುವುದಿಲ್ಲ.

ರುಮೇನಿಯಾ ದೇಶದಲ್ಲಿ 1989ರಲ್ಲಿ ಚೌಷೆಸ್ಕು ಸರ್ಕಾರ ಬಿದ್ದಾಗ ದೊಡ್ಡ ದೊಡ್ಡ ಅನಾಥಾಲಯಗಳಲ್ಲಿ, ಎತ್ತಿಕೊಳ್ಳುವವರೂ ಇಲ್ಲದೆ ತೊಟ್ಟಿಲಲ್ಲೇ ಬೆಳೆಯುತ್ತಿದ್ದ ಕಂದಮ್ಮಗಳು ಕಂಡವು. 2000ರಲ್ಲಿ ವಿಜ್ಞಾನಿಗಳು ಬುಖಾರೆಸ್ಟ್ ನಗರದ ಇಂಥ 136 ಮಕ್ಕಳಲ್ಲಿ ಅರ್ಧದಷ್ಟನ್ನು ಚೀಟಿ ಎತ್ತಿದಂತೆ ಆರಿಸಿ, ತರಬೇತಿ ಪಡೆದ ಕುಟುಂಬಗಳಿಗೆ ಒಪ್ಪಿಸಿದರು. ಮನೆ ಸಿಕ್ಕ ಮಕ್ಕಳ ಎತ್ತರ, ತೂಕ ಬೇಗ ಏರಿತು, ಬುದ್ಧಿಶಕ್ತಿಯೂ ಹೆಚ್ಚಿತು. ಸುಮಾರು ಎರಡು ವರ್ಷ ತುಂಬುವುದರೊಳಗೆ ಮನೆ ಸೇರಿದವರಿಗೆ ಹೆಚ್ಚು ಪ್ರಯೋಜನವಾಯಿತು. ಮೈಯ ಭಯದ ವ್ಯವಸ್ಥೆ ಕೂಡ ಅವರಲ್ಲಿ ಹೆಚ್ಚು ಸರಿಯಾಗಿ ಕೆಲಸ ಮಾಡತೊಡಗಿತು.

ಇನ್ನೊಂದು ಉದಾಹರಣೆ ಹವಾಯಿಯ ಕೌವಾಯಿ ದ್ವೀಪದ್ದು. 1955ರಲ್ಲಿ ಅಲ್ಲಿ ಹುಟ್ಟಿದ 698 ಮಕ್ಕಳನ್ನು ಎಮಿ ವರ್ನರ್ ಮತ್ತು ಅವರ ಸಂಗಡಿಗರು ದಶಕಗಳ ಕಾಲ ಗಮನಿಸಿದರು. ಬಡತನ, ಜಗಳ, ಕಾಯಿಲೆಗಳ ಮನೆಯಲ್ಲಿ ಬೆಳೆದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಬ್ಬರು ಯಾವ ತೊಂದರೆಗೂ ಸಿಗದೆ ಗಟ್ಟಿಯಾಗಿ ನಿಂತರು. ಅವರಲ್ಲಿ ಹೆಚ್ಚಿನವರ ಬದುಕಿನಲ್ಲಿ ಕಂಡ ಒಂದು ಸಂಗತಿ ಎಂದರೆ, ಯಾರಾದರೂ ಒಬ್ಬ ಹಿರಿಯರು ಅವರನ್ನು ಬಿಡದೆ ಹಿಡಿದುಕೊಂಡಿದ್ದರು. ಅಜ್ಜಿ ಇರಬಹುದು, ಚಿಕ್ಕಮ್ಮ ಇರಬಹುದು, ಶಾಲೆಯ ಟೀಚರ್ ಇರಬಹುದು. ಒಬ್ಬರೇ ಸಾಕು, ಆದರೆ ಅವರು ಬದಲಾಗುತ್ತಿರಬಾರದು.

ಮನೆಯವರು ಗಮನಿಸಬೇಕಾದದ್ದು

ಮಕ್ಕಳು ದುಃಖವನ್ನು ದುಃಖ ಎಂದು ಹೇಳುವುದಿಲ್ಲ. ಹೊಟ್ಟೆನೋವು, ತಲೆನೋವು ಎನ್ನುತ್ತಾರೆ. ನನ್ನ ತರಗತಿಯಲ್ಲಿ ಪದೇ ಪದೇ ಹೊಟ್ಟೆನೋವು ಎನ್ನುತ್ತಿದ್ದ ಹುಡುಗನೊಬ್ಬನಿದ್ದ. ಸಹೋದ್ಯೋಗಿಗಳು ಕಳ್ಳಾಟ ಎಂದರು. ಆದರೆ ಅವನಿಗೆ ನೋವು ಬರುತ್ತಿದ್ದುದು ಬೆಳಿಗ್ಗೆ ಅಲ್ಲ, ಸಂಜೆ ಮನೆಗೆ ಬಿಡುವ ಗಂಟೆ ಹೊಡೆಯುವ ಹೊತ್ತಿಗೆ. ಶಾಲೆ ತಪ್ಪಿಸುವ ಹುಡುಗನಿಗೆ ನೋವು ಬೆಳಿಗ್ಗೆ ಬರಬೇಕು. ಅವನಿಗೆ ನೋವಿದ್ದದ್ದು ನಿಜ, ಅದರ ಕಾರಣ ಹೊಟ್ಟೆಯಲ್ಲಿ ಇರಲಿಲ್ಲ. ಇನ್ನೊಬ್ಬ ಹುಡುಗಿ ಬಿಸಿಯೂಟದ ಮೊಟ್ಟೆಯನ್ನು ತಿನ್ನದೆ ಚೀಲದಲ್ಲಿ ಬಚ್ಚಿಡುತ್ತಿದ್ದಳು. ನಾಳೆ ಊಟ ಸಿಗುತ್ತದೋ ಇಲ್ಲವೋ ಎಂದು ಒಮ್ಮೆ ಕಂಡ ಮಗು ಹಾಗೆ ಕೂಡಿಡುತ್ತದೆ. ಅದನ್ನು ಕಳ್ಳತನ ಎಂದು ಹೊಡೆದರೆ ಗಾಯದ ಮೇಲೆ ಬರೆ ಎಳೆದಂತೆ.

ಗಮನಿಸಬೇಕಾದ ಇತರ ಲಕ್ಷಣಗಳು ಇವು. ಬಿಟ್ಟುಹೋಗಿದ್ದ ಹಾಸಿಗೆಯಲ್ಲಿ ಮೂತ್ರ ಮಾಡುವ ಅಭ್ಯಾಸ ಮತ್ತೆ ಶುರುವಾಗುವುದು. ರಾತ್ರಿ ಕಿರುಚಿ ಏಳುವುದು. ವರ್ಷ ಕಳೆದರೂ ಅಂಗಿ, ಚಪ್ಪಲಿ ಸಣ್ಣದಾಗದಿರುವುದು. ಊಟದ ಮೇಲೆ ಅತಿಯಾಸೆ ಅಥವಾ ಊಟವೇ ಬೇಡ ಎನ್ನುವುದು. ಸಣ್ಣ ಶಬ್ದಕ್ಕೂ ಬೆಚ್ಚುವುದು. ನೆಗಡಿ, ಕೆಮ್ಮು, ಕಜ್ಜಿ ಮೇಲಿಂದ ಮೇಲೆ ಬರುವುದು. ದೊಡ್ಡ ಹುಡುಗರಲ್ಲಿ ಗುಟ್ಕಾ, ಬೀಡಿ. ಬೆಳೆಯುವ ಹೆಣ್ಣುಮಕ್ಕಳಲ್ಲಿ ಸುಸ್ತು, ಬಿಳಿಚಿದ ಕಣ್ಣು. ಇವಕ್ಕೆ ಬೈಗುಳ ಮದ್ದಲ್ಲ. ತಾಯತ ಕಟ್ಟಿಸಿದವರು ಅಲ್ಲಿಗೇ ನಿಲ್ಲದೆ ಡಾಕ್ಟರ ಬಳಿಯೂ ಬರಬೇಕು.

ಮನೆಯಲ್ಲಿ ಮಾಡಬಹುದಾದದ್ದು ಕಷ್ಟದ ಕೆಲಸವೇನಲ್ಲ. ಊಟ ಒಂದೇ ಹೊತ್ತಿಗೆ, ಎಲ್ಲ ಮಕ್ಕಳಿಗೂ ಒಂದೇ ತಟ್ಟೆಯ ಅಳತೆಯಲ್ಲಿ ಬಡಿಸಿ. ಮಲಗುವ ಜಾಗ ದಿನಾ ಬದಲಾಗದಿರಲಿ. ಸತ್ತವರ ಹೆಸರನ್ನು ಮುಚ್ಚಿಡಬೇಡಿ, ಮಗು ಕೇಳಿದಾಗ ಅವರ ಬಗ್ಗೆ ಒಳ್ಳೆಯ ಮಾತು ಹೇಳಿ, ಜೊತೆಗೂಡಿ ದುಆ ಮಾಡಿ. ಆಟಕ್ಕೆ ಬಿಡಿ. ಮಗುವನ್ನು ಇನ್ನೊಂದು ಮನೆಗೆ ಕಳಿಸಲೇಬೇಕಾದರೆ ಮೊದಲೇ ಹೇಳಿ, ಕಾರಣ ತಿಳಿಸಿ, ಒಂದೆರಡು ದಿನ ಜೊತೆಗಿದ್ದು ಬನ್ನಿ.

ಮೊದಲ ತಿಂಗಳ ತಪಾಸಣೆ

ಮಗು ನಿಮ್ಮ ಮನೆಗೆ ಬಂದಾಗ ಅದರ ತಾಯಿ ಕಾರ್ಡನ್ನು ಕೇಳಿ ಪಡೆಯಿರಿ. ಲಸಿಕೆಯ ಲೆಕ್ಕವೆಲ್ಲ ಅದರಲ್ಲೇ ಇರುತ್ತದೆ, ಮನೆ ಬದಲಾಗುವಾಗ ಮೊದಲು ಕಳೆಯುವುದೂ ಅದೇ. ಕಾರ್ಡ್ ಇಲ್ಲದಿದ್ದರೆ ಆಶಾ ಕಾರ್ಯಕರ್ತೆ ಅಥವಾ ನರ್ಸಮ್ಮನ ಬಳಿ ಕೇಳಿ. 10 ಮತ್ತು 16ನೇ ವಯಸ್ಸಿನಲ್ಲಿ ಹಾಕಿಸಬೇಕಾದ ಟಿಡಿ ಚುಚ್ಚುಮದ್ದನ್ನು ಅನೇಕರು ಮರೆಯುತ್ತಾರೆ.

ಎತ್ತರ, ತೂಕ, ಹಿಮೋಗ್ಲೋಬಿನ್, ಕಣ್ಣು, ಕಿವಿ, ಹಲ್ಲು ಇಷ್ಟನ್ನು ನೋಡಿಸಿ. 12ರಿಂದ 14 ವರ್ಷದ ಮಗುವಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆ, ಜಂತುಹುಳುವಿನ ಮಾತ್ರೆ ತಪ್ಪಿಸಬೇಡಿ. ತಂದೆ ಅಥವಾ ತಾಯಿ ಟಿಬಿಯಿಂದ ತೀರಿಕೊಂಡಿದ್ದರೆ, ಅಥವಾ ಹೆಸರು ಹೇಳದ ದೀರ್ಘ ಕಾಯಿಲೆಯಿಂದ ಹೋಗಿದ್ದರೆ, ಮಗುವಿಗೆ ಟಿಬಿ ಮತ್ತು ಎಚ್‌ಐವಿ ಪರೀಕ್ಷೆ ಮಾಡಿಸುವುದು ನಾಚಿಕೆಯ ಮಾತಲ್ಲ. ಎರಡಕ್ಕೂ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಔಷಧಿ ಉಚಿತ. ಬೇಗ ತಿಳಿದರೆ ಮಗು ಎಲ್ಲರಂತೆ ಬದುಕುತ್ತದೆ. ಫಲಿತಾಂಶವನ್ನು ಓಣಿಗೆ ಹೇಳುವ ಅಗತ್ಯವಿಲ್ಲ, ನಮ್ಮ ಟ್ರಸ್ಟಿಗೂ ಹೇಳಬೇಕಿಲ್ಲ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರುತ್ತದೆ. 18 ವರ್ಷದವರೆಗಿನ ಮಕ್ಕಳನ್ನು ನೋಡುತ್ತದೆ. ಆ ದಿನ ಮಗುವನ್ನು ತಪ್ಪದೆ ಶಾಲೆಗೆ ಕಳಿಸಿ. ಮುಂದಿನ ಚಿಕಿತ್ಸೆಗೆ ರಾಯಚೂರಿಗೆ ಹೋಗಲು ಚೀಟಿ ಕೊಟ್ಟರೆ ಅದನ್ನು ಗೂಟಕ್ಕೆ ಸಿಕ್ಕಿಸಿಡಬೇಡಿ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ. ಮಗುವಿನ ಮೇಲೆ ಯಾರಾದರೂ ದೌರ್ಜನ್ಯ ಮಾಡುತ್ತಿದ್ದರೆ ಮಕ್ಕಳ ಸಹಾಯವಾಣಿ 1098.

ಕಾಗದಪತ್ರದ ಮಾತು

ಮಗುವಿನ ಹೆಸರು ಸತ್ತುಹೋದ ತಂದೆಯ ಹಳೆಯ ರೇಷನ್ ಕಾರ್ಡಿನಲ್ಲೇ ಉಳಿದಿದ್ದರೆ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಸೌಲಭ್ಯ ಪಡೆಯುವಾಗ ಆಸ್ಪತ್ರೆಯಲ್ಲಿ ತೊಡಕಾಗುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇರುವ ಯೋಜನೆ ಇದು. ಆದ್ದರಿಂದ ಮಗುವಿನ ಹೆಸರನ್ನು ಈಗ ಸಾಕುತ್ತಿರುವವರ ಕಾರ್ಡಿಗೆ ಬೇಗ ಸೇರಿಸಿ.

ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ವಿಧವೆ ಅಥವಾ ಪರಿತ್ಯಕ್ತ ತಾಯಿಯ ಮಕ್ಕಳು, ಬಂಧುಗಳ ಮನೆಯಲ್ಲಿರುವ ಅನಾಥ ಮಕ್ಕಳು, ಮಾರಕ ಕಾಯಿಲೆಯಿಂದ ನರಳುವ ತಂದೆ ತಾಯಿಯ ಮಕ್ಕಳು ಇದರಲ್ಲಿ ಬರುತ್ತಾರೆ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರಿರಬಾರದು. ಅರ್ಜಿಗಾಗಿ ರಾಯಚೂರಿನ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಸಂಪರ್ಕಿಸಿ, ಮೊದಲು ನಿಮ್ಮ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೂ ದಾರಿ ತೋರಿಸುತ್ತಾರೆ.

ಕೋವಿಡ್‌ನಲ್ಲಿ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗಾಗಿ 2021ರ ಮೇ ತಿಂಗಳಲ್ಲಿ ಎರಡು ಯೋಜನೆಗಳು ಘೋಷಣೆಯಾದವು. ರಾಜ್ಯದ ಬಾಲ ಸೇವಾ ಯೋಜನೆಯಲ್ಲಿ ತಿಂಗಳಿಗೆ 3,500 ರೂಪಾಯಿ. ಕೇಂದ್ರದ ಪಿಎಂ ಕೇರ್ಸ್ ಯೋಜನೆಯಲ್ಲಿ 18ರಿಂದ 23 ವರ್ಷದವರೆಗೆ ಮಾಸಿಕ ನೆರವು, 23 ತುಂಬಿದಾಗ 10 ಲಕ್ಷ ರೂಪಾಯಿ. ಅಂದು ಹೆಸರು ನೋಂದಾಯಿಸಿದ ಮಕ್ಕಳಲ್ಲಿ ಕೆಲವರು ಈಗ ಕಾಲೇಜು ವಯಸ್ಸಿಗೆ ಬಂದಿದ್ದಾರೆ. ಅವರ ಪಾಲಕರು ಬ್ಯಾಂಕ್ ಮತ್ತು ಅಂಚೆ ಕಚೇರಿಯ ದಾಖಲೆಗಳನ್ನು ಜೋಪಾನ ಮಾಡಬೇಕು. ಆ ಹಣ ಮಗುವಿನದು. ಅನಾಥರ ಹಣದ ಬಗ್ಗೆ ನಮಗಿರುವ ಎಚ್ಚರಿಕೆಯನ್ನು ಇಲ್ಲಿ ಮತ್ತೆ ಹೇಳಬೇಕಾಗಿಲ್ಲ.

ಒಂದು ಮಾತು ನೆನಪಿರಲಿ. ಬಂಧುಗಳ ಮಗುವನ್ನು ಸಾಕುವುದು ಬೇರೆ, ದಾರಿಯಲ್ಲಿ ಅಥವಾ ಬಸ್ ನಿಲ್ದಾಣದಲ್ಲಿ ಸಿಕ್ಕ ಮಗುವನ್ನು ಪುಣ್ಯ ಎಂದು ಮನೆಯಲ್ಲಿ ಇಟ್ಟುಕೊಳ್ಳುವುದು ಬೇರೆ. ಹಾಗೆ ಸಿಕ್ಕ ಮಗುವಿನ ವಿಷಯವನ್ನು 24 ಗಂಟೆಯೊಳಗೆ ಸಹಾಯವಾಣಿಗೆ, ಪೊಲೀಸರಿಗೆ ಅಥವಾ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕೆಂದು ಕಾನೂನು ಹೇಳುತ್ತದೆ. ದತ್ತು ಪಡೆಯುವ ಬಗ್ಗೆ ಕೇಳುವವರಿದ್ದಾರೆ. ಬಾಲ ನ್ಯಾಯ ಕಾಯ್ದೆಯಡಿ ಯಾವ ಧರ್ಮದವರೂ ದತ್ತು ಪಡೆಯಬಹುದು, ಅದು ಅವರವರ ಆಯ್ಕೆ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಶಬ್ನಮ್ ಹಾಶ್ಮಿ ಪ್ರಕರಣದಲ್ಲಿ ಹೇಳಿದೆ. ಕಫಾಲತ್ ರೀತಿಯಲ್ಲಿಯೇ ಸಾಕಬೇಕು ಎನ್ನುವವರಿಗೆ ಪೋಷಕತ್ವ ಯೋಜನೆ ಹತ್ತಿರವಾದದ್ದು.

ದಾನಿಗಳಲ್ಲಿ ಒಂದು ಕೋರಿಕೆ

ನೀವು ಕೊಡುವ ಹಣ ಫೀಜು, ಪುಸ್ತಕ, ಸಮವಸ್ತ್ರಕ್ಕೆ ಹೋಗುತ್ತದೆ. ಅಲ್‌ಹಮ್ದುಲಿಲ್ಲಾಹ್, ಅದು ಹಾಗೆಯೇ ಮುಂದುವರಿಯಲಿ. ಆದರೆ ಹಿಮೋಗ್ಲೋಬಿನ್ ಕಡಿಮೆ ಇರುವ ಹುಡುಗಿಗೆ ಪುಸ್ತಕ ಕೊಟ್ಟರೆ ಅವಳು ಅದರ ಮೇಲೆ ತಲೆಯಿಟ್ಟು ಮಲಗುತ್ತಾಳೆ. ಬೋರ್ಡು ಕಾಣದ ಹುಡುಗನಿಗೆ ಟ್ಯೂಷನ್ ಫೀಜು ಕಟ್ಟಿದರೆ ಫಲ ಏನು? ಚಿಕಿತ್ಸೆ ಉಚಿತವಿದ್ದರೂ ರಾಯಚೂರಿಗೆ ಹೋಗಿ ಬರುವ ಬಸ್ ಖರ್ಚು, ಜೊತೆಗೆ ಹೋಗುವ ಅಜ್ಜಿಯ ಒಂದು ದಿನದ ಕೂಲಿ ಇವುಗಳಿಂದಲೇ ಕೆಲಸ ನಿಲ್ಲುತ್ತದೆ. ಆದ್ದರಿಂದ ಅನಾಥ ಮತ್ತು ಆಸರೆಯ ಮನೆಯ ಮಕ್ಕಳ ವಿದ್ಯಾರ್ಥಿವೇತನದ ಜೊತೆಗೆ ಕನ್ನಡಕ, ಹಲ್ಲಿನ ಚಿಕಿತ್ಸೆ, ಆಸ್ಪತ್ರೆ ಪ್ರಯಾಣಕ್ಕೆಂದು ಒಂದು ಸಣ್ಣ ಪಾಲನ್ನು ಬೇರೆ ಇಡಬೇಕೆಂಬುದು ನನ್ನ ಕೋರಿಕೆ.

ಎರಡನೆಯದು, ಹಾಜರಾತಿ ಕಡಿಮೆಯಾಯಿತು, ಅಂಕ ಇಳಿಯಿತು ಎಂದು ಈ ಮಕ್ಕಳ ನೆರವನ್ನು ಕೂಡಲೇ ನಿಲ್ಲಿಸಬಾರದು. ಮನೆಯಲ್ಲಿ ಸಾವಾದ ವರ್ಷ ಅಂಕ ಇಳಿಯುವುದು ಸಹಜ. ಆ ವರ್ಷವೇ ನೆರವು ನಿಂತರೆ ಆ ಮಗು ರೈಸ್ ಮಿಲ್ಲಿಗೋ ಗ್ಯಾರೇಜಿಗೋ ಹೋಗುತ್ತದೆ, ಮತ್ತೆ ಶಾಲೆಗೆ ಬರುವುದಿಲ್ಲ. ಮೊದಲು ಕಾರಣ ಕೇಳಿ, ತಪಾಸಣೆ ಮಾಡಿಸಿ, ಒಂದು ವರ್ಷ ಕಾಯೋಣ.

ಮೂರನೆಯದು ವಯಸ್ಸಿನ ಮಾತು. ಫಿಕ್ಹ್ ಪ್ರಕಾರ ಪ್ರೌಢ ವಯಸ್ಸಿಗೆ ಬಂದ ಮೇಲೆ ಯತೀಮ್ ಎಂಬ ಹೆಸರು ತಪ್ಪುತ್ತದೆ. ಹೆಸರು ತಪ್ಪಿದರೂ ಬಡತನ ಇದ್ದಲ್ಲೇ ಇರುತ್ತದೆ, ಬಡವನೆಂಬ ಕಾರಣಕ್ಕೆ ಝಕಾತಿನ ಹಕ್ಕೂ ಉಳಿಯುತ್ತದೆ. ಹದಿನೈದರಿಂದ ಇಪ್ಪತ್ಮೂರರ ನಡುವಿನ ವಯಸ್ಸಿನಲ್ಲೇ ದುಶ್ಚಟವೂ ಹಿಡಿಯುವುದು, ಓದೂ ಬಿಡುವುದು. ಕೈ ಬಿಡಬಾರದ ವಯಸ್ಸು ಅದು.

ಪಾಲಕರಿಗೆ

ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವಾಗ ಮಗುವನ್ನು ನಿಜವಾಗಿ ನೋಡಿಕೊಳ್ಳುತ್ತಿರುವವರ ಹೆಸರನ್ನೇ ಬರೆಯಿರಿ. ಅಜ್ಜಿ ಎಂದು ಬರೆದರೆ ಅರ್ಜಿ ತಿರಸ್ಕಾರವಾಗುತ್ತದೆ ಎಂಬ ಹೆದರಿಕೆ ಬೇಡ. ಹಿಂದಿನ ವರ್ಷ ಮನೆಯಲ್ಲಿ ಸಾವು, ತಲಾಖ್, ಗುಳೆ, ದೊಡ್ಡ ಕಾಯಿಲೆ ಏನಾದರೂ ಆಗಿದ್ದರೆ ಒಂದು ಸಾಲು ಬರೆಯಿರಿ. ಮಗುವಿಗೆ ತಪಾಸಣೆ ಆಗಿದೆಯೇ ಎಂಬುದನ್ನು ತಿಳಿಸಿದರೆ ಸಾಕು, ಕಾಯಿಲೆಯ ಹೆಸರು ಬೇಡ. ಅಕ್ಷರ ಬಾರದ ನಾನಿ, ದಾದಿಯರು ಮೊಮ್ಮಗುವನ್ನು ಕರೆದುಕೊಂಡು ನೇರವಾಗಿ ಬನ್ನಿ, ಅರ್ಜಿ ನಾವೇ ತುಂಬಿಕೊಡುತ್ತೇವೆ.

ಸಾಕುವವರಿಗೂ ಆರೋಗ್ಯ ಬೇಕು. ಎಪ್ಪತ್ತು ದಾಟಿದ ಅಜ್ಜಿಯ ಬಿಪಿ ಮಾತ್ರೆ ಮುಗಿದರೆ ಮಗುವಿನ ಆಸರೆಯೇ ಅಲುಗಾಡುತ್ತದೆ. ಮಗುವನ್ನು ತೋರಿಸಲು ಆಸ್ಪತ್ರೆಗೆ ಹೋದ ದಿನ ನಿಮ್ಮ ಬಿಪಿ, ಶುಗರ್ ಕೂಡ ನೋಡಿಸಿಕೊಂಡು ಬನ್ನಿ. ನಿಮ್ಮ ಸೇವೆಯನ್ನು ಅಲ್ಲಾಹನು ಸ್ವೀಕರಿಸಲಿ, ಈ ಮಕ್ಕಳಿಗೆ ಒಳ್ಳೆಯ ಓದು, ಗಟ್ಟಿ ಮೈ ಎರಡನ್ನೂ ಕರುಣಿಸಲಿ. ಆಮೀನ್.